ಕಣ್ಣಿನ ಕೆಳಗೆ ತುಂಬಿದ್ದೇನು? ಫಿಲ್ಲರ್ ಇಂಜೆಕ್ಷನ್ನಿನ ನೂರಿಪ್ಪತ್ತೈದು ವರ್ಷ

ಊರಿಗೆ ವಿಡಿಯೊ ಕಾಲ್ ಮಾಡಿದಾಗ ಅಮ್ಮಂದಿರು ಮೊದಲು ನೋಡುವುದು ನಮ್ಮ ಕಣ್ಣನ್ನೇ. "ಯಾಕೋ ಮಗಾ, ಕಣ್ಣು ಒಳಗೆ ಹೋಗಿವೆ, ಹೊಟ್ಟೆ ತುಂಬ ಉಣ್ತೀಯಾ ಇಲ್ವಾ?" ಎಂಬ ಮಾತು ಕೇಳದ ಗಲ್ಫ್ ಕನ್ನಡಿಗ ಇರಲಿಕ್ಕಿಲ್ಲ. ರಾತ್ರಿ ಪಾಳಿ, ಎ.ಸಿ.ಯ ಒಣ ಗಾಳಿ, ಬಿಸಿಲು, ದೂಳು, ಒಂದೇ ರೂಮಿನಲ್ಲಿ ಆರು ಜನರ ಆರು ಅಲಾರಂ. ಇವೆಲ್ಲ ಸೇರಿ ಕಣ್ಣಿನ ಕೆಳಗೆ ಕಪ್ಪು ಗುಳಿ ತೋಡುತ್ತವೆ. ಹಿಂದೆಲ್ಲ ನಕ್ಕು ಸುಮ್ಮನಾಗುತ್ತಿದ್ದೆವು. ಈಗ ಆ ಗುಳಿಯನ್ನು ತುಂಬಿಸಿಕೊಳ್ಳಬಹುದು ಎಂಬ ಜಾಹೀರಾತು ಫೋನಿನಲ್ಲೇ ಬರುತ್ತದೆ. ಹದಿನೈದು ನಿಮಿಷ, ಒಂದು ಸೂಜಿ, ಹತ್ತು ವರ್ಷ ಚಿಕ್ಕ ಮುಖ.

ನಾವು ನಿಜ್ವಾದಲ್ಲಿ ಆಸ್ಪತ್ರೆಯ ಫಾರ್ಮಸಿಯವರು. ಮುಖ ಚೆಂದ ಮಾಡುವ ಕೆಲಸ ನಮ್ಮದಲ್ಲ. ಆದರೆ ಅದು ಕೆಟ್ಟಾಗ ಬರುವ ಚೀಟಿ ನಮ್ಮ ಕಿಟಕಿಗೇ ಬರುತ್ತದೆ. ಕೆಲವು ವರ್ಷಗಳ ಹಿಂದೆ ಮಲೆನಾಡಿನ ಕಡೆಯ ಒಬ್ಬ ತಂಗಿ ಕಪ್ಪು ಕನ್ನಡಕ ಹಾಕಿಕೊಂಡು ಬಂದು ನಿಂತಳು. ಊರಿನಲ್ಲಿ ತಮ್ಮನ ಮದುವೆ, ಒಂದು ತಿಂಗಳು ಬಾಕಿ. ಗೆಳತಿಯ ಮಾತು ಕೇಳಿ ಬೇರೆ ಊರಿನ ಯಾವುದೋ ಫ್ಲ್ಯಾಟಿನಲ್ಲಿ ಕಣ್ಣಿನ ಕೆಳಗೆ ಫಿಲ್ಲರ್ ಹಾಕಿಸಿಕೊಂಡಿದ್ದಳು. ಮನೆಗೆ ಎರಡು ತಿಂಗಳು ಕಳಿಸಬೇಕಾದ ದುಡ್ಡು ಅದಕ್ಕೆ ಹೋಗಿತ್ತು. ವಾರ ಕಳೆಯುವಷ್ಟರಲ್ಲಿ ಎರಡೂ ಕಣ್ಣಿನ ಕೆಳಗೆ ಊತ, ಅದರ ಮೇಲೆ ತಿಳಿ ನೀಲಿ ಬಣ್ಣ. "ಅಣ್ಣಾ, ಇದಕ್ಕೊಂದು ಮುಲಾಮು ಕೊಡಿ, ಡಾಕ್ಟರ ಹತ್ರ ಹೋದ್ರೆ ಬೈತಾರೆ" ಎಂದಳು.

ಮುಲಾಮು ಕೊಡಲಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: "ಏನು ಹಾಕಿದರು?" ಅದಕ್ಕೆ ಅವಳ ಹತ್ತಿರ ಉತ್ತರವಿರಲಿಲ್ಲ. ಫೋನಿನಲ್ಲಿ ಒಂದು ಪೆಟ್ಟಿಗೆಯ ಮಸುಕು ಫೋಟೊ ಇತ್ತು, ಅದರ ಮೇಲಿನ ಅಕ್ಷರ ಓದಲಾಗುತ್ತಿರಲಿಲ್ಲ. ಚುಚ್ಚಿದವರ ಫೋನು ಸ್ವಿಚ್ ಆಫ್.

ಆ ಒಂದು ಪ್ರಶ್ನೆಯ ಹಿಂದೆ ನೂರಿಪ್ಪತ್ತೈದು ವರ್ಷಗಳ ಕಥೆ ಇದೆ. ಅದನ್ನು ತಿಳಿದರೆ ಆ ಪ್ರಶ್ನೆ ಯಾಕೆ ಅಷ್ಟು ಮುಖ್ಯ ಎಂಬುದೂ ತಿಳಿಯುತ್ತದೆ. ಈ ಸಲದ ಸಂಚಿಕೆಗೆ ಅದನ್ನೇ ಬರೆಯೋಣ ಎಂದುಕೊಂಡೆವು.

ಸೂಖ್‌ನ ಸುರ್ಮಾ, ಮನೆಯ ಕಾಡಿಗೆ

ಕಣ್ಣಿನ ಸುತ್ತ ಏನಾದರೂ ಹಚ್ಚಿ ಚೆಂದ ಕಾಣುವುದು ಹೊಸದಲ್ಲ. ನಮ್ಮ ಅಜ್ಜಿಯಂದಿರು ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಬೋರಲು ಹಾಕಿ, ಕಟ್ಟಿದ ಮಸಿಯನ್ನು ಕೆರೆದು ಕಾಡಿಗೆ ಮಾಡುತ್ತಿದ್ದರು. ಏನು ಹಾಕಿದ್ದಾರೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಇಲ್ಲಿ ಒಮಾನಿನಲ್ಲಿ ಅದೇ ಜಾಗದಲ್ಲಿ ಕುಹ್ಲ್ ಇದೆ, ನಾವು ಸುರ್ಮಾ ಎನ್ನುವುದು. ಹೆಂಗಸರು, ಗಂಡಸರು, ಮಕ್ಕಳು ಎಲ್ಲರಿಗೂ ಅದನ್ನು ಹಚ್ಚುವ ರೂಢಿ ಉಂಟು.

1998ರಲ್ಲಿ ಒಮಾನಿನ ಸಂಶೋಧಕರ ಒಂದು ತಂಡ ಇಲ್ಲಿ ಬಳಕೆಯಲ್ಲಿರುವ ಕುಹ್ಲ್ ಮಾದರಿಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿತು. ಕೆಲವು ಮಾದರಿಗಳಲ್ಲಿ ಇದ್ದದ್ದು ಬರಿಯ ಮಸಿ, ಎಂದರೆ ನಮ್ಮ ಕಾಡಿಗೆಯಂಥದೇ. ಬೇರೆ ಕೆಲವುಗಳಲ್ಲಿ ಮುಖ್ಯವಾಗಿ ಇದ್ದದ್ದು ಗಲೀನಾ, ಅಂದರೆ ಸೀಸದ ಅದಿರು. ಎರಡೂ ಕಪ್ಪು, ಎರಡೂ ಹೊಳಪು, ಕಣ್ಣಿಗೆ ಹಚ್ಚಿದರೆ ಎರಡೂ ಒಂದೇ. ಆದರೆ ಸೀಸ ಮಗುವಿನ ಮೈಗೆ ಸೇರಿದರೆ ರಕ್ತಕ್ಕೂ ಮಿದುಳಿಗೂ ಕೇಡು. ಡಬ್ಬಿಯ ಒಳಗಿರುವುದನ್ನು ಬಣ್ಣ ನೋಡಿ ಹೇಳಲಾಗದು ಎಂಬುದು ಆ ವರದಿಯ ಪಾಠ. ಫಿಲ್ಲರ್ ವಿಷಯದಲ್ಲೂ ಅದೇ ಪಾಠ. ವ್ಯತ್ಯಾಸ ಇಷ್ಟೇ: ಸುರ್ಮಾವನ್ನು ತೊಳೆದುಕೊಳ್ಳಬಹುದು, ಚರ್ಮದ ಕೆಳಗೆ ಹೋದದ್ದನ್ನು ತೊಳೆಯಲಾಗದು.

ಕಳೆದುಕೊಂಡದ್ದನ್ನು ತುಂಬುವ ವಿದ್ಯೆ

ಮುಖ ಸರಿಪಡಿಸುವ ವಿದ್ಯೆ ಹುಟ್ಟಿದ್ದು ಚೆಂದಕ್ಕಾಗಿ ಅಲ್ಲ, ಕಳೆದುಕೊಂಡದ್ದನ್ನು ಮರಳಿ ಕೊಡುವುದಕ್ಕಾಗಿ. ಇದರಲ್ಲಿ ನಮ್ಮ ಮೈಸೂರು ಸೀಮೆಯ ಯುದ್ಧದ ಹೆಸರೂ ಬರುತ್ತದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ಮೇಲೆ ಪುಣೆಯ ಹತ್ತಿರದ ಒಬ್ಬ ಇಟ್ಟಿಗೆ ಮಾಡುವ ಜಾತಿಯವನು ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಕಟ್ಟಿದ. ಅದನ್ನು ಕಂಡ ಇಂಗ್ಲಿಷ್ ವೈದ್ಯರ ಮೂಲಕ ಸುದ್ದಿ ಲಂಡನ್ನಿಗೆ ಹೋಗಿ, 1794ರ ಅಕ್ಟೋಬರ್‌ನಲ್ಲಿ ಅಲ್ಲಿನ 'ಜಂಟಲ್‌ಮನ್ಸ್ ಮ್ಯಾಗಜಿನ್'ನಲ್ಲಿ ಚಿತ್ರಸಹಿತ ಅಚ್ಚಾಯಿತು. ಅದನ್ನು ಓದಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲೇ ಅದೇ ರೀತಿ ಮಾಡಿ ಗೆದ್ದ. ಇಲ್ಲಿ ತುಂಬಿದ್ದು ರೋಗಿಯದೇ ಚರ್ಮ. ಏನು ಹಾಕಿದರು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ನೂರು ವರ್ಷ ಕಳೆದ ಮೇಲೆ, 1893ರಲ್ಲಿ, ಜರ್ಮನಿಯ ನಾಯ್ಬರ್ ತೋಳಿನ ಕೊಬ್ಬಿನ ತುಣುಕು ತೆಗೆದು ಮುಖದ ಕಲೆಯ ತಗ್ಗು ತುಂಬಿದ. ಅದೂ ರೋಗಿಯ ಸ್ವಂತದ್ದೇ. ದಿಕ್ಕು ಬದಲಾದದ್ದು 1899ರಲ್ಲಿ. ಅಷ್ಟರಲ್ಲಿ ಟೊಳ್ಳು ಸೂಜಿಯ ಸಿರಿಂಜು ಬಂದು ನಾಲ್ಕೈದು ದಶಕಗಳಾಗಿದ್ದವು. ವಿಯೆನ್ನಾದ ರಾಬರ್ಟ್ ಗೆರ್ಸುನಿ ಎಂಬ ಶಸ್ತ್ರವೈದ್ಯ, ಕ್ಷಯದಿಂದ ವೃಷಣ ಕಳೆದುಕೊಂಡ ಯುವಕನೊಬ್ಬನಿಗೆ ಆ ಜಾಗದಲ್ಲಿ ವ್ಯಾಸಲೀನ್ ಚುಚ್ಚಿ ತುಂಬಿದ. ಅದು ನಿಂತಂತೆ ಕಂಡಿತು. ಚಾಕು ಬೇಡ, ಹೊಲಿಗೆ ಬೇಡ, ಸೂಜಿ ಸಾಕು. ಆ ಮಾತು ಹಬ್ಬುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ.

ಕರಗಿ ನಡೆದಾಡಿದ ಮೇಣ

ಕೆಲವೇ ವರ್ಷಗಳಲ್ಲಿ ಪ್ಯಾರಾಫಿನ್ ಮೇಣವನ್ನು ಕಾಯಿಸಿ ಮೂಗಿಗೆ, ಕೆನ್ನೆಗೆ, ಕಣ್ಣಿನ ಕೆಳಗಿನ ತಗ್ಗಿಗೆ ಚುಚ್ಚುವವರು ಯುರೋಪು ಅಮೆರಿಕ ಎಲ್ಲೆಡೆ ಹುಟ್ಟಿಕೊಂಡರು. ಈಗ ತುಂಬುತ್ತಿದ್ದದ್ದು ಕಳೆದುಕೊಂಡದ್ದನ್ನಲ್ಲ, ಇಲ್ಲ ಅನ್ನಿಸಿದ್ದನ್ನು.

ಮೇಣ ನಿಂತಲ್ಲಿ ನಿಲ್ಲಲಿಲ್ಲ. ಬಿಸಿಗೆ ಮೆದುವಾಗಿ ಕೆಳಗೆ ಜಾರಿತು. ಮೈ ಅದನ್ನು ಪರಕೀಯ ವಸ್ತು ಎಂದು ಗುರುತಿಸಿ ಸುತ್ತ ಗಟ್ಟಿ ಗಂಟು ಕಟ್ಟಿತು. ವೈದ್ಯರು ಆ ಗಂಟಿಗೆ ಪ್ಯಾರಾಫಿನೋಮ ಎಂದು ಹೆಸರಿಟ್ಟರು. ಆ ಕಾಲದ ಹೆಸರುವಾಸಿ ಸುಂದರಿ ಗ್ಲಾಡಿಸ್ ಡೀಕನ್ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮೂಗು ನೇರ ಕಾಣಲೆಂದು ಮೇಣ ಹಾಕಿಸಿಕೊಂಡಳು. ಅದು ಗಲ್ಲದ ಕಡೆಗೆ ಇಳಿದು ಮುಖವನ್ನು ಕೆಡಿಸಿತು. ಆಕೆ ಮುಂದೆ 1921ರಲ್ಲಿ ಮಾರ್ಲ್‌ಬರೊ ಡಚೆಸ್ ಆದರೂ, ತೊಂಬತ್ತು ದಾಟಿ ಬದುಕಿದರೂ, ಆ ಮೇಣವನ್ನು ಮಾತ್ರ ಯಾರಿಗೂ ತೆಗೆಯಲಾಗಲಿಲ್ಲ.

ಇದಕ್ಕಿಂತ ಭಯದ ಸುದ್ದಿ 1903ರದ್ದು. ಅಮೆರಿಕದ ಹರ್ಡ್ ಮತ್ತು ಹೋಲ್ಡನ್ ಎಂಬ ವೈದ್ಯರು ಒಂದು ಪ್ರಕರಣ ಪ್ರಕಟಿಸಿದರು. ಮೂಗಿಗೆ ಮೇಣ ಚುಚ್ಚಿದ ಕೂಡಲೇ ರೋಗಿಯ ಕಣ್ಣು ಹೋಗಿತ್ತು. ಮೇಣದ ಚೂರು ರಕ್ತನಾಳಕ್ಕೆ ಹೊಕ್ಕು ಕಣ್ಣಿನ ಹಿಂದಿನ ಮುಖ್ಯ ನಾಳವನ್ನು ಮುಚ್ಚಿತ್ತು. ಇಂದು ಹೊಸ ಅಪಾಯ ಎಂದು ಮಾತಾಡುವ ಕುರುಡುತನ, ನೂರ ಇಪ್ಪತ್ತು ವರ್ಷಗಳ ಹಿಂದೆಯೇ ವೈದ್ಯರಿಗೆ ಗೊತ್ತಿತ್ತು.

ಮೇಣದ ಸರದಿ ಮುಗಿದ ಮೇಲೆ ಸಿಲಿಕೋನ್ ಎಣ್ಣೆಯ ಸರದಿ. ಎರಡನೆಯ ಮಹಾಯುದ್ಧದ ನಂತರ ಜಪಾನಿನಲ್ಲಿ, ಆಮೇಲೆ ಅಮೆರಿಕದಲ್ಲಿ ಅದನ್ನು ಮೈಗೆ ಚುಚ್ಚಿದರು. ಅದೂ ಜಾರಿತು, ಗಂಟು ಕಟ್ಟಿತು, ಹುಣ್ಣಾಯಿತು. 1970ರ ದಶಕದಲ್ಲಿ ಅಮೆರಿಕದ ನೆವಾಡ ರಾಜ್ಯ ಸಿಲಿಕೋನ್ ಚುಚ್ಚುವುದನ್ನೇ ಅಪರಾಧ ಎಂದು ಕಾನೂನು ಮಾಡಿತು. 1981ರಲ್ಲಿ ಹಸುವಿನ ಚರ್ಮದಿಂದ ತೆಗೆದ ಕೊಲಾಜನ್‌ಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಅದು ಜಾರುತ್ತಿರಲಿಲ್ಲ, ಕೆಲವು ತಿಂಗಳಲ್ಲಿ ತಾನೇ ಕರಗುತ್ತಿತ್ತು. ಆದರೆ ನೂರಕ್ಕೆ ಸುಮಾರು ಮೂರು ಜನರಿಗೆ ಅಲರ್ಜಿ ಮಾಡುತ್ತಿತ್ತು. ಹಾಗಾಗಿ ಮೊದಲು ತೋಳಿಗೆ ಚುಚ್ಚಿ ವಾರಗಟ್ಟಲೆ ಕಾದು ನೋಡಬೇಕಿತ್ತು.

ಇಲ್ಲಿಯವರೆಗೆ ಎಲ್ಲ ಫಿಲ್ಲರ್‌ಗಳಿಗೂ ಒಂದೇ ದೋಷ. ಹಾಕಲು ಬರುತ್ತಿತ್ತು, ಬೇಕೆಂದಾಗ ತೆಗೆಯಲು ಬರುತ್ತಿರಲಿಲ್ಲ.

ಕಣ್ಣಿನಿಂದಲೇ ಬಂದ ವಸ್ತು

ಇಂದು ಕಣ್ಣಿನ ಕೆಳಗೆ ಹೆಚ್ಚಾಗಿ ಹಾಕುವುದು ಹೈಯಲುರಾನಿಕ್ ಆಸಿಡ್. ಆಸಿಡ್ ಎಂದ ಕೂಡಲೇ ಹೆದರಬೇಕಿಲ್ಲ. ಇದು ನಮ್ಮ ಮೈಯಲ್ಲೇ ಇರುವ ಲೋಳೆಯಂಥ ವಸ್ತು, ಕೀಲಿನಲ್ಲಿ, ಚರ್ಮದಲ್ಲಿ, ಕಣ್ಣಿನಲ್ಲಿ ಇರುತ್ತದೆ. ಎಪ್ಪತ್ತು ಕಿಲೊ ತೂಕದ ಮನುಷ್ಯನಲ್ಲಿ ಸುಮಾರು 15 ಗ್ರಾಂ ಇರುತ್ತದೆ. ಅದರ ಮೂರನೆಯ ಒಂದು ಭಾಗ ದಿನವೂ ಕರಗಿ ಹೊಸದಾಗಿ ಹುಟ್ಟುತ್ತದೆ.

ಇದನ್ನು ಮೊದಲು ಬೇರ್ಪಡಿಸಿದ್ದು 1934ರಲ್ಲಿ, ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್. ಎಲ್ಲಿಂದ ಗೊತ್ತೇ? ದನದ ಕಣ್ಣುಗುಡ್ಡೆಯ ಒಳಗಿನ ಲೋಳೆಯಿಂದ. ಗ್ರೀಕ್ ಭಾಷೆಯಲ್ಲಿ ಹೈಯಲೋಸ್ ಎಂದರೆ ಗಾಜು. ಗಾಜಿನಂತೆ ತಿಳಿಯಾಗಿದ್ದ ಆ ಲೋಳೆಯ ಹೆಸರೇ ವಸ್ತುವಿಗೂ ಬಂತು. ಮುಂದೆ ಹಂಗೇರಿ ಮೂಲದ ಎಂಡ್ರೆ ಬಾಲಾಜ್ ಇದನ್ನು ಹುಂಜದ ಜುಟ್ಟಿನಿಂದ ಶುದ್ಧವಾಗಿ ತೆಗೆಯುವ ದಾರಿ ಕಂಡುಹಿಡಿದ. 1980ರ ಹೊತ್ತಿಗೆ ಅದು ಹೀಲಾನ್ ಎಂಬ ಹೆಸರಿನಲ್ಲಿ ಕಣ್ಣಿನ ಪೊರೆಯ ಆಪರೇಷನ್ನಿಗೆ ಬಂತು. ಲೆನ್ಸ್ ಕೂರಿಸುವಾಗ ಕಣ್ಣಿನ ಒಳಗಿನ ಜಾಗ ಕುಸಿಯದಂತೆ ಹಿಡಿದಿಡುವುದು ಅದರ ಕೆಲಸ.

ಸಾದಾ ಹೈಯಲುರಾನಿಕ್ ಆಸಿಡ್ ಚರ್ಮದಲ್ಲಿ ಒಂದೆರಡು ದಿನವೂ ನಿಲ್ಲುವುದಿಲ್ಲ. ಅದರ ಎಳೆಗಳನ್ನು ಒಂದಕ್ಕೊಂದು ರಾಸಾಯನಿಕವಾಗಿ ಹೆಣೆದರೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಹೀಗೆ ಹೆಣೆದ ರೆಸ್ಟಿಲೇನ್ 1996ರಲ್ಲಿ ಸ್ವೀಡನ್ನಿನಿಂದ ಯುರೋಪಿನ ಮಾರುಕಟ್ಟೆಗೆ ಬಂತು. 2003ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಒಪ್ಪಿಗೆ ಇದ್ದದ್ದು ಮೂಗಿನಿಂದ ಬಾಯಿಯ ಕಡೆಗೆ ಇಳಿಯುವ ಗೆರೆಗಳಿಗೆ. ಆದರೂ ಕಣ್ಣಿನ ಕೆಳಗೆ ಹಾಕುವುದು ಆಗಲೇ ಶುರುವಾಯಿತು. ಅಮೆರಿಕದಲ್ಲಿ ಕಣ್ಣಿನ ಕೆಳಗಿನ ತಗ್ಗಿಗೆಂದೇ ಒಂದು ಫಿಲ್ಲರ್‌ಗೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ.

ಫ್ರಿಜ್ಜಿನಲ್ಲಿದ್ದ ಬೀಗದ ಕೈ

ಹೈಯಲುರಾನಿಕ್ ಆಸಿಡ್‌ಗೆ ಇರುವ ದೊಡ್ಡ ಗುಣ ಅದನ್ನು ಕರಗಿಸುವ ಮದ್ದು ಇರುವುದು. ಆ ಮದ್ದೂ ಇದಕ್ಕೆಂದು ಹುಟ್ಟಿದ್ದಲ್ಲ.

1920ರ ದಶಕದ ಕೊನೆಗೆ ಫ್ರಾನ್ಸಿಸ್ಕೊ ಡುರಾನ್ ರೆನಾಲ್ಸ್ ಎಂಬ ಸ್ಪೇನ್ ಮೂಲದ ವಿಜ್ಞಾನಿ, ಪ್ರಾಣಿಗಳ ವೃಷಣದ ಸಾರ ಬೆರೆಸಿದರೆ ಚುಚ್ಚಿದ ವೈರಸ್ ಚರ್ಮದಲ್ಲಿ ಬೇಗ ಹರಡುತ್ತದೆ ಎಂದು ಕಂಡ. ಅದಕ್ಕೆ ಹರಡಿಸುವ ಅಂಶ ಎಂಬ ಹೆಸರಾಯಿತು. 1940ರ ಹೊತ್ತಿಗೆ, ಅದು ಹೈಯಲುರಾನಿಕ್ ಆಸಿಡನ್ನು ಕತ್ತರಿಸುವ ಕಿಣ್ವ ಎಂದು ತಿಳಿಯಿತು. ಮುಂದೆ ಪೆನಿಸಿಲಿನ್‌ಗಾಗಿ ನೊಬೆಲ್ ಪಡೆದ ಅರ್ನ್ಸ್ಟ್ ಚೈನ್ ಕೂಡ ಈ ಕೆಲಸದಲ್ಲಿ ಇದ್ದರು. ಅದೇ ಹೈಯಲುರೊನಿಡೇಸ್. ಜೇನಿನ ವಿಷದಲ್ಲೂ ಹಾವಿನ ವಿಷದಲ್ಲೂ ಇದು ಇರುತ್ತದೆ, ವಿಷ ಬೇಗ ಹರಡಲು ದಾರಿ ಮಾಡಿಕೊಡುತ್ತದೆ.

1949ರ ಸುಮಾರಿಗೆ ಕಣ್ಣಿನ ವೈದ್ಯರು ಇದನ್ನು ಮರಗಟ್ಟಿಸುವ ಮದ್ದಿನ ಜೊತೆ ಬೆರೆಸಲು ಶುರುಮಾಡಿದರು. ಕಣ್ಣಿನ ಹಿಂದೆ ಕೊಟ್ಟ ಮದ್ದು ಸರಿಯಾಗಿ ಹರಡಿ ಕಣ್ಣು ಅಲುಗದೆ ನಿಲ್ಲುತ್ತದೆ. ಕಣ್ಣಿನ ಶಿಬಿರ ಎಂದರೆ ಕನ್ನಡಿಗರಿಗೆ ಬೀಳಗಿಯ ಡಾ. ಎಂ. ಸಿ. ಮೋದಿಯವರ ನೆನಪಾಗುತ್ತದೆ. ನಾವು ಡಿಪ್ಲೊಮಾ ಮುಗಿಸಿ ಜಿಲ್ಲಾ ಆಸ್ಪತ್ರೆಯಲ್ಲಿ ತರಬೇತಿಗೆ ಇದ್ದಾಗಲೂ ಶಿಬಿರದ ದಿನ ಥಿಯೇಟರಿನ ಸಿಸ್ಟರ್ ಬೆಳಗ್ಗೆಯೇ ಬಂದು ಈ ಪುಡಿಯ ಬಾಟಲಿ ಎಣಿಸಿ ಒಯ್ಯುತ್ತಿದ್ದರು. 1,500 ಯೂನಿಟ್‌ನ ಪುಟ್ಟ ಬಾಟಲಿ. ಅದು ಮುಂದೊಂದು ದಿನ ಚೆಂದಕ್ಕೆ ಹಾಕಿಸಿಕೊಂಡದ್ದನ್ನು ಕರಗಿಸಲು ಬೇಕಾಗುತ್ತದೆ ಎಂದು ಆಗ ಯಾರು ಎಣಿಸಿದ್ದರು?

ತಪ್ಪಿ ಹಾಕಿದ ಫಿಲ್ಲರನ್ನು ಇದರಿಂದ ಕರಗಿಸಿದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ 2004-05ರ ಸುಮಾರಿಗೆ ಬರತೊಡಗಿದವು. ಅದಕ್ಕೆ ಸ್ವಲ್ಪ ಮೊದಲು, 2001ರಲ್ಲಿ, ಅಮೆರಿಕದಲ್ಲಿ ಬಹುಕಾಲ ಮಾರಾಟವಾಗುತ್ತಿದ್ದ ಇದರ ಒಂದು ಬ್ರ್ಯಾಂಡ್ ನಿಂತುಹೋಗಿತ್ತು. 2004ರಿಂದ ಹೊಸ ಬ್ರ್ಯಾಂಡುಗಳು ಬಂದವು. ಬೀಗ ಮಾರುವ ಅಂಗಡಿಗಳು ಹೆಚ್ಚಿದಷ್ಟು ಬೀಗದ ಕೈ ಇಡುವವರು ಹೆಚ್ಚುವುದಿಲ್ಲ ಎಂಬುದು ಫಾರ್ಮಸಿಯವರಿಗೆ ಚೆನ್ನಾಗಿ ಗೊತ್ತು. ಫಿಲ್ಲರ್ ಹಾಕುವ ಜಾಗದಲ್ಲಿ ಈ ಮದ್ದು ಇದೆಯೇ ಎಂದು ಕೇಳುವುದು ಅವಮಾನದ ಪ್ರಶ್ನೆಯಲ್ಲ, ಮೊದಲು ಕೇಳಬೇಕಾದ ಪ್ರಶ್ನೆ.

ಒಂದು ಮಾತು ನೆನಪಿರಲಿ. ಈ ಕೈ ಒಂದೇ ಬೀಗಕ್ಕೆ ಆಗುತ್ತದೆ. ಕ್ಯಾಲ್ಸಿಯಂ ಫಿಲ್ಲರ್, ಸಿಲಿಕೋನ್, ಅಕ್ರಿಲಿಕ್ ಕಣಗಳ ಫಿಲ್ಲರ್, ಸ್ವಂತ ಕೊಬ್ಬು ಇವುಗಳನ್ನು ಹೈಯಲುರೊನಿಡೇಸ್ ಕರಗಿಸದು. "ಏನು ಹಾಕಿದರು?" ಎಂಬ ಡಾಕ್ಟರ ಪ್ರಶ್ನೆಯ ಅರ್ಥ ಇದು.

ಕಣ್ಣಿನ ಕೆಳಗೇ ಯಾಕೆ ಇಷ್ಟು ತೊಂದರೆ?

ಮೈಯ ಅತಿ ತೆಳುವಾದ ಚರ್ಮ ಇರುವುದು ಕಣ್ಣಿನ ಸುತ್ತ. ಅಂಗೈ ಚರ್ಮಕ್ಕೆ ಹೋಲಿಸಿದರೆ ಅದು ಈರುಳ್ಳಿಯ ಪೊರೆಯಷ್ಟೇ. ಹಾಗಾಗಿ ಬೇರೆ ಕಡೆ ಮುಚ್ಚಿಹೋಗುವ ತಪ್ಪು ಇಲ್ಲಿ ಎದ್ದು ಕಾಣುತ್ತದೆ.

ಮೊದಲನೆಯದು ನೀಲಿ ಬಣ್ಣ. ಫಿಲ್ಲರ್ ಚರ್ಮಕ್ಕೆ ತೀರ ಹತ್ತಿರ ಇದ್ದರೆ ಅದರ ಮೇಲೆ ಬಿದ್ದ ಬೆಳಕು ಚದುರಿ ನೀಲಿ ಹೆಚ್ಚು ಮರಳುತ್ತದೆ. ಇದಕ್ಕೆ ಟಿಂಡಲ್ ಪರಿಣಾಮ ಎನ್ನುತ್ತಾರೆ. ನಮ್ಮ ತಂಗಿಯ ನೀಲಿ ಪೆಟ್ಟಿನ ಗಾಯವಲ್ಲ, ಇದೇ. ಎರಡನೆಯದು ಊತ. ಹೈಯಲುರಾನಿಕ್ ಆಸಿಡ್ ನೀರನ್ನು ಹಿಡಿದಿಡುತ್ತದೆ. ಕಣ್ಣಿನ ಕೆಳಗೆ ಮೊದಲೇ ನೀರು ನಿಲ್ಲುವ ಸ್ವಭಾವ ಇದ್ದವರಿಗೆ ಬೆಳಗ್ಗೆ ಎದ್ದರೆ ಚೀಲ ಕಟ್ಟಿದಂತೆ ಕಾಣುತ್ತದೆ. ಆರು ತಿಂಗಳಲ್ಲಿ ಹೋಗುತ್ತದೆ ಎಂದು ಹೇಳಿದ ಫಿಲ್ಲರ್ ಕೆಲವರಲ್ಲಿ ವರ್ಷಗಟ್ಟಲೆ ಉಳಿಯುವುದೂ ಉಂಟು. ಮೂರನೆಯದು ಗಂಟು ಮತ್ತು ತಡವಾಗಿ ಬರುವ ಉರಿಯೂತ. ಎಲ್ಲ ಸರಿ ಇದೆ ಎನ್ನುವಾಗ, ತಿಂಗಳುಗಳ ನಂತರ, ಒಂದು ಜ್ವರವೋ ಹಲ್ಲಿನ ಸೋಂಕೋ ಬಂದ ಮೇಲೆ ಆ ಜಾಗ ಕೆಂಪಾಗಿ ಊದಿಕೊಳ್ಳಬಹುದು. ಈ ಮೂರಕ್ಕೂ ಅವಸರ ಬೇಡ, ಆದರೆ ವೈದ್ಯರು ಬೇಕು. ಕೌಂಟರಿನಲ್ಲಿ ಸಿಗುವ ಸ್ಟೀರಾಯ್ಡ್ ಕ್ರೀಮು, ಉಳಿದಿದ್ದ ಆಂಟಿಬಯಾಟಿಕ್, ತಿಕ್ಕುವುದು, ಒತ್ತುವುದು ಯಾವುದೂ ಬೇಡ.

ನಾಲ್ಕನೆಯದಕ್ಕೆ ಅವಸರವೇ ಎಲ್ಲ. ಮೂಗಿನ ಪಕ್ಕದಿಂದ ಕಣ್ಣಿನ ಒಳಮೂಲೆಗೆ ಏರುವ ರಕ್ತನಾಳಗಳು ಕಣ್ಣಿಗೆ ರಕ್ತ ಕೊಡುವ ನಾಳದ ಕೊಂಬೆಗಳ ಜೊತೆ ಕೂಡಿಕೊಂಡಿವೆ. ಸೂಜಿ ಅಂಥ ನಾಳದ ಒಳಗೆ ಹೋಗಿ, ಸಿರಿಂಜನ್ನು ಜೋರಾಗಿ ಒತ್ತಿದರೆ ಫಿಲ್ಲರ್ ರಕ್ತದ ಹರಿವಿಗೆ ಎದುರಾಗಿ ಹಿಂದಕ್ಕೆ ಹೋಗುತ್ತದೆ. ಒತ್ತಡ ಬಿಟ್ಟ ಕೂಡಲೇ ರಕ್ತ ಅದನ್ನು ಕಣ್ಣಿನ ಒಳಗಿನ ಕಿರುನಾಳಕ್ಕೆ ತಳ್ಳಿ ಮುಚ್ಚಿಬಿಡುತ್ತದೆ. 1903ರ ಮೇಣ ಮಾಡಿದ್ದನ್ನೇ ಇಂದಿನ ಜೆಲ್ ಕೂಡ ಮಾಡಬಲ್ಲದು.

ಇದು ಅಪರೂಪ. ಆದರೆ ಆಗಿಲ್ಲ ಎನ್ನುವಂತಿಲ್ಲ. 2015ರಲ್ಲಿ ಕೆನಡಾದ ಕ್ಯಾಟಿ ಬೆಲೆಜ್ನೆ ಮತ್ತು ಸಂಗಡಿಗರು ಅಲ್ಲಿಯವರೆಗೆ ಜಗತ್ತಿನ ವೈದ್ಯಕೀಯ ಬರಹಗಳಲ್ಲಿ ದಾಖಲಾದ, ಫಿಲ್ಲರ್‌ನಿಂದ ದೃಷ್ಟಿಗೆ ಪೆಟ್ಟಾದ 98 ಪ್ರಕರಣಗಳನ್ನು ಒಟ್ಟುಮಾಡಿದರು. 2019ರಲ್ಲಿ ಇನ್ನೂ 48 ಸೇರಿಸಿದರು. ಹೆಚ್ಚಿನವು ಹುಬ್ಬಿನ ನಡುವೆ ಮತ್ತು ಮೂಗಿಗೆ ಚುಚ್ಚಿದಾಗ ಆದವು. ಎಫ್‌ಡಿಎ ಕೂಡ 2015ರ ಮೇ ತಿಂಗಳಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. 2021ರ ಅಕ್ಟೋಬರ್‌ನಲ್ಲಿ, ಸೂಜಿಯೇ ಇಲ್ಲದೆ ಒತ್ತಡದಿಂದ ಫಿಲ್ಲರ್ ನುಗ್ಗಿಸುವ 'ಪೆನ್'ಗಳನ್ನು ಬಳಸಬೇಡಿ ಎಂದಿತು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವುದು ಆ ಪೆನ್ನುಗಳೇ.

ಮಸ್ಕತ್ ರಸ್ತೆಯ ಲೆಕ್ಕ

ರಕ್ತ ನಿಂತರೆ ಕಣ್ಣಿನ ಒಳಪರದೆಯಾದ ರೆಟಿನಾ ಎಷ್ಟು ಹೊತ್ತು ತಾಳುತ್ತದೆ? ಭಾರತ ಮೂಲದ ನೇತ್ರವಿಜ್ಞಾನಿ ಸೋಹನ್ ಸಿಂಗ್ ಹೈರೆ ಅಮೆರಿಕದಲ್ಲಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಸುಮಾರು 97 ನಿಮಿಷದವರೆಗೆ ಶಾಶ್ವತ ಹಾನಿ ಕಾಣಲಿಲ್ಲ. ನಾಲ್ಕು ಗಂಟೆ ಆದಾಗ ಹಾನಿ ತೀವ್ರವಾಗಿತ್ತು, ಸರಿಪಡಿಸಲಾರದ್ದಾಗಿತ್ತು. ಮನುಷ್ಯರಲ್ಲಿ ಸಮಯ ಇನ್ನೂ ಕಡಿಮೆ ಎನ್ನುವ ತಜ್ಞರೂ ಇದ್ದಾರೆ.

ಒಂದೂವರೆ ಗಂಟೆ ಎಂದರೆ ಎಷ್ಟು ಎಂದು ನಿಜ್ವಾದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೋಟೆ ಬಿಟ್ಟು ಹೆದ್ದಾರಿ ಹತ್ತಿದರೆ ಮಸ್ಕತ್ ಮುಟ್ಟಲು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಅಲ್ಲಿ ಯಾರದೋ ಫ್ಲ್ಯಾಟಿನಲ್ಲಿ ಚುಚ್ಚಿಸಿಕೊಂಡು, 'ಸ್ವಲ್ಪ ಮಂಜು ಮಂಜು ಕಾಣ್ತಿದೆ, ನಿದ್ದೆ ಮಾಡಿದ್ರೆ ಸರಿ ಹೋಗುತ್ತೆ' ಎಂದುಕೊಂಡು ವಾಪಸು ಬಸ್ಸು ಹತ್ತಿದರೆ, ಇಳಿಯುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ಹೋದ ದೃಷ್ಟಿಯನ್ನು ಹೈಯಲುರೊನಿಡೇಸ್ ಕೊಟ್ಟು ಮರಳಿ ತಂದದ್ದು ವಿರಳ. ಚರ್ಮದ ನಾಳ ಮುಚ್ಚಿದ್ದಕ್ಕೆ ಮಾತ್ರ ಅದು ಬೇಗ ಸಿಕ್ಕರೆ ಚೆನ್ನಾಗಿ ಕೆಲಸ ಮಾಡುತ್ತದೆ. ನೂರಾರು ಯೂನಿಟ್‌ಗಳನ್ನು ಗಂಟೆಗೊಮ್ಮೆ, ಚರ್ಮಕ್ಕೆ ರಕ್ತ ಮರಳುವವರೆಗೆ ಕೊಡುವ ಪದ್ಧತಿ 2017ರಿಂದ ಬಳಕೆಗೆ ಬಂದಿದೆ.

ಆದ್ದರಿಂದ ಈ ಲಕ್ಷಣಗಳನ್ನು ನೆನಪಿಡಿ. ಚುಚ್ಚುವಾಗ ಅಥವಾ ಆಮೇಲೆ ಕಣ್ಣು ಮಂಜಾಗುವುದು, ಕತ್ತಲೆ ಕವಿಯುವುದು, ಒಂದು ಎರಡಾಗಿ ಕಾಣುವುದು, ರೆಪ್ಪೆ ಇಳಿಬೀಳುವುದು, ತಡೆಯಲಾರದ ನೋವು, ಚರ್ಮ ಒಮ್ಮೆಲೇ ಬೆಳ್ಳಗಾಗುವುದು ಅಥವಾ ಬಲೆಯಂತೆ ನೇರಳೆ ಗೆರೆ ಮೂಡುವುದು, ಮಾತು ತೊದಲುವುದು, ಕೈ ಸೋಲುವುದು. ಇವುಗಳಲ್ಲಿ ಒಂದು ಕಂಡರೂ ಅಲ್ಲೇ ನಿಲ್ಲಿಸಿ, ಹತ್ತಿರದ ತುರ್ತು ವಿಭಾಗಕ್ಕೆ ಹೋಗಬೇಕು. ಒಮಾನಿನಲ್ಲಿ ತುರ್ತು ಸಂಖ್ಯೆ 9999. ಮುಚ್ಚಿದ ನಾಳಕ್ಕೆ ಐಸ್ ಇಡಬಾರದು, ತಣ್ಣಗಾದರೆ ನಾಳ ಇನ್ನೂ ಬಿಗಿಯುತ್ತದೆ. ಚುಚ್ಚಿದವರ ಹೆಸರು ಹೇಳಲು ಹೆದರಿ ಮಾತು ಮುಚ್ಚಿಡಬೇಡಿ. ತುರ್ತು ವಿಭಾಗದಲ್ಲಿ ಕೇಳುವುದು ಯಾರು ತಪ್ಪು ಮಾಡಿದರು ಎಂದಲ್ಲ, ಏನು ಹಾಕಿದರು, ಯಾವಾಗ ಹಾಕಿದರು ಎಂದು. ಜೇನು ಕಚ್ಚಿ ಮೈಯೆಲ್ಲ ಊದಿಕೊಂಡ, ಉಸಿರು ಕಟ್ಟಿದ ಅನುಭವ ಇದ್ದವರು ಅದನ್ನೂ ಹೇಳಬೇಕು. ಅಂಥವರಿಗೆ ಹೈಯಲುರೊನಿಡೇಸ್‌ನಿಂದಲೂ ಅಲರ್ಜಿ ಆಗಬಹುದು.

ಚೀಟಿಯ ಮೇಲೆ ಇರಬೇಕಾದದ್ದು

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಮ್ಮ ಕಿರುತೆರೆಯ 21 ವರ್ಷದ ನಟಿಯೊಬ್ಬಳು ಕೊಬ್ಬು ತೆಗೆಸುವ ಚಿಕಿತ್ಸೆಯ ನಂತರ ತೀರಿಕೊಂಡಾಗ ಇಲ್ಲಿನ ರೂಮುಗಳಲ್ಲೂ ಅದೇ ಮಾತು. ಚೆಂದದ ಹುಚ್ಚು ಎಂದು ಕೆಲವರು ಸುಲಭವಾಗಿ ಹೇಳಿದರು. ನಮಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಕಳೆದುಕೊಂಡದ್ದನ್ನು ತುಂಬಿಕೊಳ್ಳಬೇಕು ಎನ್ನುವ ಆಸೆ ಹಣೆಯ ಚರ್ಮ ಇಳಿಸಿಕೊಂಡ ಕಾವಸ್‌ಜಿಗೂ ಇತ್ತು. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವವಳಿಗೆ ಮದುವೆಯ ಫೋಟೊದಲ್ಲಿ ದಣಿವು ಕಾಣಬಾರದು ಅನ್ನಿಸಿದರೆ ಅದು ಅಪರಾಧವಲ್ಲ. ಆ ಆಸೆಯನ್ನು ಲೇಬಲ್ ಇಲ್ಲದ ಸಿರಿಂಜಿನಲ್ಲಿ ತುಂಬಿ ಮಾರುವುದು ಅಪರಾಧ.

ಕಣ್ಣಿನ ಕೆಳಗಿನ ಕಪ್ಪಿಗೆ ಎಷ್ಟೋ ಸಲ ಫಿಲ್ಲರ್ ಉತ್ತರವೇ ಅಲ್ಲ. ನಿದ್ದೆ ಇಲ್ಲದ್ದು, ರಕ್ತಹೀನತೆ, ದೂಳಿನ ಅಲರ್ಜಿಗೆ ಕಣ್ಣು ಉಜ್ಜುವುದು, ಮನೆತನದ ಬಣ್ಣ ಇವೆಲ್ಲ ಕಾರಣ ಇರಬಹುದು. ಬಣ್ಣವನ್ನು ಜೆಲ್ ತುಂಬಿ ಅಳಿಸಲಾಗದು. ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಊತ ಇದ್ದರೆ ಥೈರಾಯ್ಡ್, ಮೂತ್ರಪಿಂಡಗಳನ್ನೂ ನೋಡಿಸಿ. ಅದರ ಮೇಲೂ ಫಿಲ್ಲರ್ ಬೇಕೆಂದರೆ ಪರವಾನಗಿ ಇರುವ ಕ್ಲಿನಿಕ್ಕಿನಲ್ಲಿ, ವೈದ್ಯರ ಕೈಯಲ್ಲಿ ಮಾಡಿಸಿ. ಪೆಟ್ಟಿಗೆ ನಿಮ್ಮೆದುರೇ ಒಡೆಯಲಿ. ಅದರಲ್ಲಿರುವ ಬ್ಯಾಚ್ ಸಂಖ್ಯೆಯ ಸ್ಟಿಕರನ್ನು ಕೇಳಿ ಪಡೆದು ರೆಸಿಡೆಂಟ್ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ವಿಮಾನ ಹತ್ತುವ ಹಿಂದಿನ ದಿನ ಮಾಡಿಸಬೇಡಿ. ತೊಂದರೆ ಬಂದರೆ ಅದು ಬರುವುದು ಆಗಲೇ.

ನಮ್ಮ ತಂಗಿಯ ಕಥೆ ಕಣ್ಣಿಗೆ ಕೇಡಾಗದೆ ಮುಗಿಯಿತು. ಡಾಕ್ಟರು ಅವಳನ್ನು ಮಸ್ಕತ್‌ನ ತಜ್ಞರಿಗೆ ಕಳಿಸಿದರು. ಅಲ್ಲಿ ಅಲ್ಟ್ರಾಸೌಂಡ್ ಮಾಡಿ ಒಳಗಿರುವುದು ಹೈಯಲುರಾನಿಕ್ ಜೆಲ್‌ನಂತೆ ಕಾಣುತ್ತದೆ ಎಂದರು. ಕೈಗೆ ಚುಚ್ಚಿ ಅಲರ್ಜಿ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಎರಡು ಸಲ ಕರಗಿಸುವ ಮದ್ದು ಕೊಟ್ಟರು. ನೀಲಿ ಹೋಯಿತು, ಊತ ಇಳಿಯಿತು. ಗುಳಿ ಮೊದಲಿಗಿಂತ ಸ್ವಲ್ಪ ಆಳವಾಗಿಯೇ ಕಂಡಿತು. ಕೆಲವು ವಾರ ಹಾಗೇ ಇತ್ತು. ಅವಳು ಮದುವೆಗೆ ಅದೇ ಮುಖದಲ್ಲಿ ಹೋಗಿ ಬಂದಳು.

ವಾಪಸು ಬಂದ ಮೇಲೆ ಕಿಟಕಿಯ ಹತ್ತಿರ ಬಂದು ಒಂದು ಪೊಟ್ಟಣ ಚಕ್ಕುಲಿ ಕೊಟ್ಟಳು. ಮದುವೆ ಹೇಗಾಯಿತು ಎಂದು ಕೇಳಿದೆವು. "ಅಮ್ಮ ನೋಡಿದ ಕೂಡ್ಲೇ ಕಣ್ಣು ಒಳಗೆ ಹೋಗಿವೆ ಅಂದ್ರು ಅಣ್ಣಾ. ಹಾಗಂತ ಹೇಳಿ ಎರಡು ತಿಂಗಳಿಗಾಗೋಷ್ಟು ಊಟ ಹದಿನೈದು ದಿನದಲ್ಲಿ ಹಾಕಿ ಕಳಿಸಿದ್ದಾರೆ" ಎಂದು ನಕ್ಕಳು.

ಅವಳ ಫೈಲಿನಲ್ಲಿ ಈಗ ಔಷಧದ ಹೆಸರು, ಪ್ರಮಾಣ, ತಾರೀಖು ಎಲ್ಲ ಇದೆ. ಮೊದಲು ಚುಚ್ಚಿದ ವಸ್ತುವಿನ ಎದುರಿನ ಜಾಗ ಮಾತ್ರ ಇಂದಿಗೂ ಖಾಲಿ. ಇದನ್ನು ಓದಿದವರ ಫೈಲಿನಲ್ಲಿ ಆ ಜಾಗ ಖಾಲಿ ಇರದಿರಲಿ ಎಂಬುದೇ ನಮ್ಮ ಆಸೆ.